ಸಹಾಯ ಬೇಕು: ಹಿರಿಯರ ರಕ್ತದ ಮಾದರಿಯಲ್ಲಿ ಎಫ್‌ಸಿಸಿಪಿ (ಕೋಶದ ಉಸಿರಾಟವನ್ನು ಗರಿಷ್ಠಕ್ಕೆ ಏರಿಸೋ ರಾಸಾಯನಿಕ) ಹಾಕಿದರೂ ಒಸಿಆರ್ (ಕೋಶಗಳು ಆಮ್ಲಜನಕ ಬಳಸೋ ವೇಗ) ಏರುತ್ತಿಲ್ಲ

ನಮಸ್ಕಾರ. ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲಿ 65 ದಾಟಿದವರ ರಕ್ತದಿಂದ ಪಿಬಿಎಂಸಿ (ಲಿಂಫೊಸೈಟ್, ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು) ತೆಗೆದು ಸೀಹಾರ್ಸ್ ಎಂಬ ಯಂತ್ರದಲ್ಲಿ ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ತಯಾರಿಸೋ ಭಾಗ) ಉಸಿರಾಟ ಅಳೀತಿದ್ದೀವಿ. ಅದೇ ರಕ್ತದ ಪ್ಲಾಸ್ಮಾದಲ್ಲಿ ಐಎಲ್-6 (ಉರಿಯೂತ ಸೂಚಿಸೋ ಪ್ರೋಟೀನ್) ನೋಡಿ, ಉರಿಯೂತಕ್ಕೂ ಈ ಉಸಿರಾಟಕ್ಕೂ ನಂಟಿದೆಯಾ ಅಂತ ತಿಳಿಯಬೇಕು.

ಕೋಶಗಳು ಅಂಟಲೆಂದು ಪಾಲಿ-ಡಿ-ಲೈಸಿನ್ ಲೇಪಿಸಿದ 96 ವೆಲ್ (ಗುಳಿ) ಪ್ಲೇಟ್, ವೆಲ್‌ಗೆ 2 ಲಕ್ಷ ಕೋಶ. ಮೊದಲು ಎಟಿಪಿ ತಯಾರಿಕೆ ತಡೆಯೋ ಆಲಿಗೊಮೈಸಿನ್ 1.5 ಮೈಕ್ರೊಮೋಲಾರ್, ಆಮೇಲೆ ಎಫ್‌ಸಿಸಿಪಿ 1, ಕೊನೆಗೆ ಮೈಟೊಕಾಂಡ್ರಿಯಾದ ಉಸಿರಾಟವನ್ನೇ ನಿಲ್ಲಿಸೋ ರೊಟೆನೋನ್, ಆಂಟಿಮೈಸಿನ್ ತಲಾ 0.5. ಯುವಕರ ಮಾದರಿಯಲ್ಲಿ ಎಫ್‌ಸಿಸಿಪಿಗೆ ಒಸಿಆರ್ ಚೆನ್ನಾಗಿ ಏರುತ್ತೆ, ಹಿರಿಯರದ್ದು ಬೇಸಲ್ (ಏನೂ ಹಾಕುವ ಮುಂಚಿನ) ಮಟ್ಟವನ್ನೇ ದಾಟಲ್ಲ. ಎಫ್‌ಸಿಸಿಪಿಯನ್ನು 0.5ರಿಂದ 2ರವರೆಗೆ ಬದಲಿಸಿದ್ದಾಯ್ತು. ಸತ್ತ ಕೋಶಕ್ಕೆ ಬಣ್ಣ ಹಿಡಿಸೋ ಟ್ರಿಪಾನ್ ಬ್ಲೂನಲ್ಲಿ ನೋಡಿದರೆ ಕೋಶಗಳೆಲ್ಲ ಚೆನ್ನಾಗೇ ಇವೆ.

ಗೊಂದಲ ಇಲ್ಲಿದೆ. ಹಿರಿಯರ ರಕ್ತ ಮನೆಯಲ್ಲೇ ತೆಗೆಯೋದು. ಟ್ರಾಫಿಕ್ ದಾಟಿ ಬರೋ ಹೊತ್ತಿಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಸ್ತು) ಟ್ಯೂಬ್‌ನಲ್ಲಿ 3-4 ಗಂಟೆ ಕಳೆದಿರುತ್ತೆ. ಯುವಕರದ್ದು ಕ್ಯಾಂಪಸ್‌ನಲ್ಲೇ ತೆಗೆದು ತಕ್ಷಣ ಬೇರ್ಪಡಿಸ್ತೀವಿ. ತಡವಾದಷ್ಟೂ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸೋ ಕಣಗಳು) ಮಾನೊಸೈಟ್‌ಗೆ ಅಂಟಿಕೊಳ್ಳಬಹುದು. ಅವಕ್ಕೂ ಸ್ವಂತ ಮೈಟೊಕಾಂಡ್ರಿಯಾ ಇರೋದರಿಂದ ಬೇಸಲ್ ಅಳತೆ ಕೆಡುತ್ತೆ. ಸೆಂಟ್ರಿಫ್ಯೂಜ್‌ನಲ್ಲಿ 200 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ ತೊಳೆದರೆ ಬಿಡಿ ಪ್ಲೇಟ್‌ಲೆಟ್ ಹೋಗುತ್ತೆ, ಅಂಟಿಕೊಂಡದ್ದು ಹೋಗಲ್ಲ. ಪ್ಲೇಟ್‌ಲೆಟ್ ಹಿಡಿಯೋ ಸಿಡಿ61 ಬೀಡ್ಸ್ (ಪುಟ್ಟ ಮಣಿಗಳು) ಹಾಕಿದರೆ ಪ್ಲೇಟ್‌ಲೆಟ್ ಜೊತೆ ಅವು ಅಂಟಿದ ಮಾನೊಸೈಟ್‌ಗಳೂ ಹೋಗಿಬಿಡುತ್ತವೆ, ಉರಿಯೂತದ ಪ್ರಶ್ನೆಗೆ ನಮಗೆ ಬೇಕಾದ್ದೇ ಅವು. ಇದನ್ನು ಬಗೆಹರಿಸದೆ ವಯಸ್ಸಿನ ಪರಿಣಾಮ ಅಂತ ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ.

ಮಾನೊಸೈಟ್ ಕಳೆದುಕೊಳ್ಳದೆ ಪ್ಲೇಟ್‌ಲೆಟ್ ತೆಗೆಯೋ ವಿಧಾನ ಯಾರಾದರೂ ಬಳಸಿದ್ದೀರಾ? ಅಥವಾ ಯುವಕರ ರಕ್ತವನ್ನೂ 4 ಗಂಟೆ ಇಟ್ಟು ಹೋಲಿಸಿದರೆ ಸಾಕಾ?