ಸಹಾಯ ಬೇಕು: ಐಲ್ ಆಫ್ ವೈಟ್‌ನಲ್ಲಿ ಬ್ಲೂಸ್ ರಾಕ್, ಜೊತೆಗೆ ಕಡಲತೀರದ ರಜೆ

ಜೂನ್‌ನಲ್ಲಿ ಇಂಗ್ಲೆಂಡಿನ ದಕ್ಷಿಣಕ್ಕಿರುವ ಈ ದ್ವೀಪದ ನ್ಯೂಪೋರ್ಟ್ ಊರಿನ ಸೀಕ್ಲೋಸ್ ಪಾರ್ಕಿನ ಸಂಗೀತ ಉತ್ಸವಕ್ಕೆ ಅಮ್ಮನ ಜೊತೆ ಹೋಗುವುದಿದೆ. ಕಾರಿಲ್ಲ. ಪೋರ್ಟ್ಸ್‌ಮತ್ ನಗರದ ಸೌತ್‌ಸೀಯಿಂದ ದ್ವೀಪದ ರೈಡ್ ಊರಿಗೆ ಹೋವರ್‌ಕ್ರಾಫ್ಟ್‌ನಲ್ಲಿ (ಗಾಳಿಯ ಮೆತ್ತೆಯ ಮೇಲೆ ನೀರು ದಾಟುವ ವಾಹನ) ಹತ್ತೇ ನಿಮಿಷ, ಆದರೆ ಗಾಳಿ, ಅಲೆ ಜೋರಾದರೆ ನಿಲ್ಲಿಸುತ್ತಾರೆ; ಆಗ ಪೋರ್ಟ್ಸ್‌ಮತ್ ಹಾರ್ಬರ್‌ನಿಂದ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ಹಿಡಿಯಬೇಕು. ದ್ವೀಪದ ರೈಲು ರೈಡ್‌ನಿಂದ ಕಡಲತೀರದ ಊರಾದ ಶ್ಯಾಂಕ್ಲಿನ್‌ವರೆಗೆ ಮಾತ್ರ, ನ್ಯೂಪೋರ್ಟ್‌ಗೆ ಬರುವುದಿಲ್ಲ. ಹಾಗಾಗಿ ಗೊತ್ತಿರುವವರು ದಯವಿಟ್ಟು ಹೇಳಿ: ಕಾರ್ಯಕ್ರಮ ಮುಗಿದ ಮೇಲೆ ಶ್ಯಾಂಕ್ಲಿನ್‌ಗೆ ಬಸ್ ಸಿಗುತ್ತದೆಯೇ, ಇಲ್ಲ ರೈಡ್‌ನಲ್ಲೇ ರೂಮ್ ಮಾಡುವುದು ವಾಸಿಯೇ?

ಅಮ್ಮನಿಗೆ ಫಿಲ್ಟರ್ ಇರುವ ಇಯರ್‌ಪ್ಲಗ್ ಬೇಕು. ಸ್ಪಂಜಿನದು ಮೇಲಿನ ಸ್ವರಗಳನ್ನೇ ಹೆಚ್ಚು ನುಂಗುತ್ತದೆ. ಗಿಟಾರ್ ತಂತಿ ಎಳೆದು ಸ್ವರ ಜಾರಿಸುವಾಗಿನ ಆ ಗಮಕವೇ ಮಂಕಾದರೆ ಬ್ಲೂಸ್ ಕೇಳಿ ಏನು ಸುಖ? 15–20 ಡೆಸಿಬೆಲ್ ಇಳಿಸುವಂಥದ್ದರಲ್ಲಿ ಯಾವುದು ಚೆನ್ನ?

1970ರ ಉತ್ಸವದಲ್ಲಿ ಗಿಟಾರ್ ವಾದಕರಾದ ಜಿಮಿ ಹೆಂಡ್ರಿಕ್ಸ್, ರೋರಿ ಗ್ಯಾಲಗರ್ ನುಡಿಸಿದ ಆಫ್ಟನ್ ಡೌನ್ ಗುಡ್ಡ ನೋಡಲೇಬೇಕು. ಫ್ರೆಶ್‌ವಾಟರ್ ಬೇಯಿಂದ ಅಲ್ಲಿಗೆ ಹತ್ತುವ ದಾರಿ ಮಂಡಿನೋವಿನವರಿಗೆ ಆದೀತೇ?