ಕಾರಿನ ಟಾಪ್ ಮೇಲೆ ಜಿಪಿಎಸ್ ಆಂಟೆನಾ ಹಾಕಿಸಬೇಕೆ? ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯದ ಸದಸ್ಯರು):

ನಮಸ್ಕಾರ ಸರ್. ನನ್ನದು 2014ರ ಮಾದರಿಯ ಸಣ್ಣ ಕಾರು. ಹೋದ ವರ್ಷ ಒಂದು ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದೆ. ಹಾಡು, ಹಿಂಬದಿಯ ಕ್ಯಾಮೆರಾ ಎಲ್ಲ ಚೆನ್ನಾಗಿವೆ. ದಾರಿ ತೋರಿಸುವುದು ಮಾತ್ರ ದೇವರಿಗೇ ಪ್ರೀತಿ. ಮನೆಯಿಂದ ಹೊರಟು ಇಂಡುವಾಳು ದಾಟಿದರೂ ನಕ್ಷೆಯಲ್ಲಿ ಬಾಣ ನಮ್ಮ ಮನೆಯ ಮುಂದೆಯೇ ನಿಂತಿರುತ್ತದೆ. ಶ್ರೀರಂಗಪಟ್ಟಣದ ಬೈಪಾಸ್‌ನಲ್ಲಿ ಹೋಗುತ್ತಿದ್ದರೆ ನಾನು ಸರ್ವಿಸ್ ರಸ್ತೆಯಲ್ಲಿದ್ದೇನೆ ಎಂದುಕೊಂಡು ಎಡಕ್ಕೆ ತಿರುಗಲು ಹೇಳುತ್ತದೆ. ಒಮ್ಮೆ ಗದ್ದೆಯ ನಡುವೆಯೇ ಕಾರು ಓಡಿಸಿತು. ಈಗ ಅದೇ ಅಂಗಡಿಯವರು ಟಾಪ್ ಕೊರೆದು ಮೀನಿನ ರೆಕ್ಕೆಯಾಕಾರದ ಶಾರ್ಕ್ ಫಿನ್ ಆಂಟೆನಾ ಕೂರಿಸಿದರೆ ಸರಿಹೋಗುತ್ತದೆ, 1,800 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ (ವಾಹನಗಳ ವಿದ್ಯುತ್ ಕೆಲಸ, ಮೈಸೂರು):

ಕೊರೆಯುವುದನ್ನು ಇವತ್ತಿಗೆ ನಿಲ್ಲಿಸಿ ಸರ್. ತಗಡಿನಲ್ಲಿ ತೂತು ಮಾಡಿದ ಮೇಲೆ ಮನಸ್ಸು ಬದಲಾಯಿಸಲು ಆಗುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಸ್ಟೀರಿಯೊ ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ, ಅದಕ್ಕೆ ಮೂರು ಮೀಟರ್ ತೆಳು ಕೇಬಲ್ ಬಂದಿರುತ್ತದೆ. ಜಿಪಿಎಸ್ ಆಂಟೆನಾ ಎಂದರೆ ಅದೇ. ಅದು ಈಗ ಎಲ್ಲಿದೆ ಎಂದು ಹುಡುಕಿ. ನನ್ನ ಬಳಿ ಬರುವ ಇಂಥ ಕಾರುಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಸ್ಟೀರಿಯೊ ಹಿಂದಿನ ಗೂಡಿನಲ್ಲೋ ಗ್ಲೋವ್ ಬಾಕ್ಸ್ ಹಿಂದೆಯೋ ಬಿದ್ದಿರುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಇದೆ. ಅದರ ಕೆಳಗೆ ಆಂಟೆನಾ ಇಟ್ಟರೆ ಬಾವಿಯೊಳಗೆ ನಿಂತು ಚಂದ್ರನನ್ನು ಹುಡುಕಿದಂತೆ.

ಇದು ಏಕೆ ಇಷ್ಟು ನಾಜೂಕು ಎಂದು ಹೇಳುತ್ತೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಹಳೆಯ ತಲೆಮಾರಿನ ಉಪಗ್ರಹ ಹೊರಸೂಸುವ ಶಕ್ತಿ ನಮ್ಮ ಅಜ್ಜಿಯ ಮನೆಯ ಹಳದಿ ಬಲ್ಬಿನ ಆಸುಪಾಸು. ಅಷ್ಟು ದೂರದಿಂದ ಬಂದ ಸಿಗ್ನಲ್ ನೆಲ ಮುಟ್ಟುವಾಗ ರಿಸೀವರ್‌ನ ಸ್ವಂತ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಪ್ರತಿ ಉಪಗ್ರಹದ ಗುರುತಿನ ಸಂಕೇತ ಮೊದಲೇ ಗೊತ್ತಿರುವುದರಿಂದ ಆ ಗದ್ದಲದೊಳಗಿನಿಂದ ಅದನ್ನು ಹೆಕ್ಕಿ ತೆಗೆಯುತ್ತಾರೆ, ಅಷ್ಟೆ. ಗಾಜು, ಪ್ಲಾಸ್ಟಿಕ್ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಲೋಹ ಅಡ್ಡಿ. ಒದ್ದೆ ಎಲೆಯೂ ಅಡ್ಡಿ.

ಬಾಣ ಮನೆಯ ಮುಂದೆಯೇ ನಿಲ್ಲುವುದಕ್ಕೂ ಕಾರಣ ಇದೇ. ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆ, ತನ್ನ ಗಡಿಯಾರ ಎಷ್ಟು ಎಂಬುದನ್ನು ಸೆಕೆಂಡಿಗೆ ಕೇವಲ 50 ಬಿಟ್ ವೇಗದಲ್ಲಿ ಹೇಳುತ್ತದೆ. ಬೇಕಾದ ಭಾಗ 18 ಸೆಕೆಂಡಿನಷ್ಟು, ಅದು ಪ್ರತಿ 30 ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ. ಮಧ್ಯದಲ್ಲಿ ಮರವೋ ಮಹಡಿಯೋ ಅಡ್ಡ ಬಂದು ಕಡಿದರೆ ತಪ್ಪಿದ ತುಂಡಿಗಾಗಿ ಮುಂದಿನ ಸುತ್ತಿಗೆ ಕಾಯಬೇಕು. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳಿಂದ ಪೂರ್ತಿ ಕೇಳಿಸಿಕೊಳ್ಳಬೇಕು. ಮೊಬೈಲ್ ಇದೇ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ, ಆದ್ದರಿಂದ ಕ್ಷಣದಲ್ಲಿ ಜಾಗ ಹಿಡಿಯುತ್ತದೆ. ಸಿಮ್ ಇಲ್ಲದ ಸ್ಟೀರಿಯೊಗೆ ಆ ಭಾಗ್ಯವಿಲ್ಲ. ಕಿವಿ ಬೇರೆ ಮಂದವಾಗಿದ್ದರೆ ಇಂಡುವಾಳು ಏನು, ಬಾಬುರಾಯನಕೊಪ್ಪಲು ಬಂದರೂ ಆಶ್ಚರ್ಯವಿಲ್ಲ.

ಆ ಪೆಟ್ಟಿಗೆ ಸಿಕ್ಕಿದ ಮೇಲೆ ಒಂದು ಫೋಟೊ ಹಾಕಿ.

ಮಂಡ್ಯದ ಸದಸ್ಯರು:

ಸರ್, ಸಿಕ್ಕಿತು. ಗ್ಲೋವ್ ಬಾಕ್ಸ್ ಬಿಚ್ಚಿದೆ. ಅಡ್ಡಪಟ್ಟಿಯ ಕೆಳಗೆ, ತಲೆಕೆಳಗಾಗಿ, ಇನ್ಸುಲೇಷನ್ ಟೇಪ್ ಸುತ್ತಿ ಕಟ್ಟಿದ್ದಾರೆ. ಫೋಟೊ ಹಾಕಲು ನಾಚಿಕೆಯಾಗುತ್ತಿದೆ.

ಉತ್ತರ:

ನಾಚಿಕೆ ನಿಮಗೇಕೆ ಸರ್, ಕಟ್ಟಿದವರಿಗೆ ಆಗಲಿ. ಆಂಟೆನಾ ನೆಲದ ಕಡೆ ನೋಡುತ್ತಿದೆ, ಅದಕ್ಕೇ ಗದ್ದೆಯಲ್ಲಿ ಓಡಿಸಿದೆ.

ಈಗ ಖರ್ಚಿಲ್ಲದ ಪರೀಕ್ಷೆ. ಸ್ಟೀರಿಯೊದಲ್ಲಿ ಉಪಗ್ರಹಗಳನ್ನು ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಪ್ರತಿ ಉಪಗ್ರಹದ ಮುಂದೆ ಸಿಗ್ನಲ್ ಬಲ ಡಿಬಿ-ಹರ್ಟ್ಸ್ ಲೆಕ್ಕದಲ್ಲಿ ಬರುತ್ತದೆ. 40ರ ಮೇಲಿದ್ದರೆ ಚೆನ್ನ, 30ರ ಆಸುಪಾಸು ಸುಮಾರು, 25ಕ್ಕಿಂತ ಕೆಳಗೆ ಇದ್ದರೆ ನಂಬಬೇಡಿ. ಮೇಲೆ ಬಯಲಾಗಿರುವ ಜಾಗದಲ್ಲಿ ಕಾರು ನಿಲ್ಲಿಸಿ ಈಗಿನ ಅಂಕಿಗಳನ್ನು ಬರೆದುಕೊಳ್ಳಿ. ಆಮೇಲೆ ಪೆಟ್ಟಿಗೆಯನ್ನು ಹೊರಗೆ ಎಳೆದು ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನ ಬುಡದಲ್ಲಿ, ಅಯಸ್ಕಾಂತದ ಮುಖ ಕೆಳಗಾಗುವಂತೆ ಇಟ್ಟು ನೋಡಿ. ಕೊನೆಯಲ್ಲಿ ಕಿಟಕಿಯಿಂದ ಕೇಬಲ್ ಹೊರತೆಗೆದು ಟಾಪ್‌ನ ಮಧ್ಯದಲ್ಲಿ ಇಟ್ಟು ನೋಡಿ. ಮೂರೂ ಕಡೆ ಎರಡೆರಡು ನಿಮಿಷ ಬಿಡಿ. 3 ಡಿಬಿ ಹೆಚ್ಚಿತೆಂದರೆ ಸಿಗ್ನಲ್ ಎರಡರಷ್ಟಾಯಿತು ಎಂದು ಲೆಕ್ಕ.

ಪರೀಕ್ಷೆಯ ನಡುವೆ ಡ್ಯಾಶ್ ಕ್ಯಾಮೆರಾ, ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಚಾರ್ಜರ್ ಇದ್ದರೆ ಒಮ್ಮೆ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳು, ಕ್ಯಾಮೆರಾಗಳು ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್ ಹತ್ತಿರವೇ ಗಲಾಟೆ ಮಾಡುತ್ತವೆ. ಚಾರ್ಜರ್ ಕಿತ್ತಾಗ ಅಂಕಿ ಏರಿದರೆ ಕಳ್ಳ ಅಲ್ಲೇ ಸಿಕ್ಕಿದ. ಆಂಟೆನಾಗೆ ದುಡ್ಡು ಹಾಕುವ ಮೊದಲು ಒಳ್ಳೆಯ ಚಾರ್ಜರ್ ಕೊಳ್ಳಿ.

ಪ್ರಶ್ನೆ (ಮೈಸೂರಿನ ಒಬ್ಬ ಗೃಹಿಣಿ):

ಅಣ್ಣ, ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನಾನು ನಕ್ಷೆ ನೋಡುವುದು ಮೊಬೈಲಿನಲ್ಲಿ ಮಾತ್ರ. ಮಾನಸಗಂಗೋತ್ರಿಯ ಮರಗಳ ಕೆಳಗೆ, ದೇವರಾಜ ಮಾರುಕಟ್ಟೆಯ ಸುತ್ತಿನ ಗಲ್ಲಿಗಳಲ್ಲಿ ಗಲಿಬಿಲಿಗೊಳ್ಳುತ್ತದೆ. ಇಂಥ ಆಂಟೆನಾ ಟಾಪ್ ಮೇಲೆ ಇಟ್ಟು ಮೊಬೈಲಿಗೆ ಜೋಡಿಸಬಹುದೇ? ಅಂತರ್ಜಾಲದಲ್ಲಿ 400 ರೂಪಾಯಿಗೆ ಸಿಗುತ್ತಿದೆ.

ಉತ್ತರ:

ಬೇಡ ಅಕ್ಕ, 400 ರೂಪಾಯಿ ಉಳಿಸಿ. ಈಗಿನ ಮೊಬೈಲಿನಲ್ಲಿ ಹೊರಗಿನ ಆಂಟೆನಾ ಸಿಕ್ಕಿಸುವ ಕಿಂಡಿಯೇ ಇಲ್ಲ. ಆಂಟೆನಾವನ್ನು ಮೊಬೈಲ್ ಪಕ್ಕದಲ್ಲಿ ಇಟ್ಟರೆ ಸಾಕು ಎಂದು ಹೇಳಿ ಮಾರುವವರಿದ್ದಾರೆ, ಅದು ಸುಳ್ಳು. ಹಿಡಿದ ಸಿಗ್ನಲನ್ನು ಕಾರಿನೊಳಗೆ ಮತ್ತೆ ಪ್ರಸಾರ ಮಾಡುವ ರಿಪೀಟರ್‌ಗಳಿವೆ ನಿಜ. ಪಕ್ಕದ ಕಾರಿನವರಿಗೂ ಅದು ತಪ್ಪು ಜಾಗ ತೋರಿಸಬಲ್ಲದು, ನಾನು ಅವನ್ನು ಯಾರಿಗೂ ಹಾಕಿಕೊಡುವುದಿಲ್ಲ.

ನಿಮ್ಮ ಫೋನ್ ಎಲ್ಲಿಡುತ್ತೀರಿ ಎನ್ನುವುದೇ ಮುಖ್ಯ. ಗೇರ್ ಪಕ್ಕದ ಗುಂಡಿಯಲ್ಲಿ ಇಟ್ಟಿದ್ದರೆ ಡ್ಯಾಶ್‌ಬೋರ್ಡ್ ಮೇಲಿನ ಹೋಲ್ಡರ್‌ಗೆ ತನ್ನಿ. ಹಿಂಬದಿಯಲ್ಲಿ ಲೋಹದ ತಟ್ಟೆ ಅಂಟಿಸುವ ಮ್ಯಾಗ್ನೆಟ್ ಹೋಲ್ಡರ್ ಆದರೆ ತಟ್ಟೆಯನ್ನು ಫೋನಿನ ಕೆಳಭಾಗಕ್ಕೆ ಸರಿಸಿ. ಕಿಟಕಿ ಗಾಜಿಗೆ ಹೊಳೆಯುವ ಲೋಹದ ಲೇಪದ ಫಿಲ್ಮ್ ಹಾಕಿಸಿದ್ದರೆ ಅದೂ ಸಿಗ್ನಲ್ ತಿನ್ನುತ್ತದೆ. ಬಿಸಿಲು ತಡೆಯಲು ಮುಂದಿನ ಗಾಜಿಗೇ ಲೋಹದ ಲೇಪ ಇರುವ ಕೆಲವು ಕಾರುಗಳಲ್ಲಿ ಸಿಗ್ನಲ್ ಒಳಬರಲೆಂದು ಒಳಗಿನ ಕನ್ನಡಿಯ ಹಿಂದೆ ಲೇಪವಿಲ್ಲದ ಸಣ್ಣ ಕಿಟಕಿ ಬಿಟ್ಟಿರುತ್ತಾರೆ.

ಇನ್ನು ಮಾರುಕಟ್ಟೆಯ ಗಲ್ಲಿಗಳಲ್ಲಿ ಆಗುವುದು ಬೇರೆ. ಅಲ್ಲಿ ಸಿಗ್ನಲ್ ನೇರವಾಗಿ ಬರುವ ಬದಲು ಎದುರಿನ ಗೋಡೆಗೆ ಬಡಿದು ಸುತ್ತು ಹಾಕಿ ಬರುತ್ತದೆ. ದಾರಿ ಉದ್ದವಾದಷ್ಟೂ ರಿಸೀವರ್ ನಿಮ್ಮನ್ನು ಪಕ್ಕದ ಬೀದಿಗೆ ತಳ್ಳುತ್ತದೆ. ಟಾಪ್ ಮೇಲಿನ ಆಂಟೆನಾ ಇದನ್ನು ಸ್ವಲ್ಪ ತಗ್ಗಿಸುತ್ತದೆ, ತೆಗೆದುಹಾಕುವುದಿಲ್ಲ. ಅಲ್ಲಿ ಹೂವಿನ ಅಂಗಡಿಯವರನ್ನು ಕೇಳುವುದೇ ವೇಗ.

ನಿಮ್ಮ ಕಾರಿನಲ್ಲಿ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ, ಅಂದರೆ ಫೋನಿನ ನಕ್ಷೆಯನ್ನು ಕಾರಿನ ಪರದೆಯಲ್ಲೇ ತೋರಿಸುವ ವ್ಯವಸ್ಥೆ, ಇದೆಯೇ? ಕೆಲವು ಕಾರುಗಳು ತಮ್ಮದೇ ಆಂಟೆನಾ ಹಿಡಿದ ಜಾಗವನ್ನು ಫೋನಿಗೆ ಕೊಡುತ್ತವೆ. ಅಂಥ ಕಾರಾದರೆ ಜೋಡಿಸಿದ ತಕ್ಷಣ ನಕ್ಷೆ ಸ್ಥಿರವಾಗುವುದು ನಿಮಗೇ ತಿಳಿಯುತ್ತದೆ.

ಪ್ರಶ್ನೆ (ಟ್ಯಾಕ್ಸಿ ಚಾಲಕರು, ಮೈಸೂರು):

ಅಣ್ಣ, ನನ್ನದು ಹಳದಿ ಬೋರ್ಡ್. ಬಾಡಿಗೆ ವಾಹನ ಎಲ್ಲಿದೆ ಎಂದು ತಿಳಿಸಲು ಹಾಕುವ ಎಐಎಸ್ 140 ಟ್ರ್ಯಾಕರ್ ಆಗಾಗ ಜಾಗ ಕಳೆದುಕೊಳ್ಳುತ್ತದೆ. ಅದಕ್ಕೂ ಹೊರಗಿನ ಆಂಟೆನಾ ಹಾಕಬಹುದೇ?

ಉತ್ತರ:

ಅದನ್ನು ಬಿಚ್ಚಬೇಡಿ ತಮ್ಮ. ಅಧಿಕೃತವಾಗಿ ಅಳವಡಿಸಿದ ಸಾಧನ ಅದು, ಪ್ಯಾನಿಕ್ ಬಟನ್ ಕೂಡ ಅದಕ್ಕೇ ಸೇರಿದೆ. ತಂತಿ ಮುಟ್ಟಿದರೆ ಎಫ್‌ಸಿ ಸಮಯದಲ್ಲಿ ನೀವೇ ಉತ್ತರ ಹೇಳಬೇಕಾಗುತ್ತದೆ. ಹಾಕಿಕೊಟ್ಟವರ ಬಳಿಗೇ ಹೋಗಿ, ಪೆಟ್ಟಿಗೆ ತಗಡಿನ ಕೆಳಗಿದ್ದರೆ ಜಾಗ ಬದಲಿಸಲು ಹೇಳಿ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ):

ಸರ್, ಇದೇ ಆಂಟೆನಾದಿಂದ ಜಿಪಿಎಸ್‌ನಂತೆಯೇ ದಾರಿ ತೋರಿಸುವ ನಮ್ಮ ಭಾರತದ ಉಪಗ್ರಹ ವ್ಯವಸ್ಥೆ ನಾವಿಕ್ ಸಿಗುತ್ತದೆಯೇ?

ಉತ್ತರ:

ನಾವಿಕ್ ಮೊದಲಿನಿಂದ ಬಳಸುತ್ತಿರುವುದು 1176.45 ಮೆಗಾಹರ್ಟ್ಸ್ ಮತ್ತು ಎಸ್ ಬ್ಯಾಂಡ್ ಎಂಬ ಇನ್ನೊಂದು ತರಂಗಪಟ್ಟಿ. ಅಂಗಡಿಯ ಸಾಮಾನ್ಯ ಪೆಟ್ಟಿಗೆ 1575ಕ್ಕೆ ಶ್ರುತಿ ಮಾಡಿದ್ದು, ಅವೆರಡನ್ನೂ ಹಿಡಿಯುವುದಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಈ 1575ರ ಪಟ್ಟಿಯಲ್ಲೂ ಪ್ರಸಾರ ಸೇರಿಕೊಂಡಿದೆ. ರಿಸೀವರ್ ಚಿಪ್ಪಿಗೆ ಆ ಭಾಷೆ ಬರಬೇಕು, ಆಂಟೆನಾ ಒಂದರಿಂದ ಆಗುವ ಮಾತಲ್ಲ.

ಮಂಡ್ಯದ ಸದಸ್ಯರು:

ಸರ್, ಭಾನುವಾರ ಪರೀಕ್ಷೆ ಮಾಡಿದೆ. ಊರ ಹೊರಗೆ ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿದ್ದೆ. ಹಳೆಯ ಜಾಗದಲ್ಲಿ ಮೂರೇ ಉಪಗ್ರಹ, ಬಲ 19ರಿಂದ 26. ಗಾಜಿನ ಬುಡದಲ್ಲಿ ಇಟ್ಟಾಗ ಒಂಬತ್ತು, 33ರಿಂದ 40. ಟಾಪ್ ಮೇಲೆ ಹನ್ನೆರಡು, ಕೆಲವು 46ರವರೆಗೆ. ಡ್ಯಾಶ್ ಕ್ಯಾಮೆರಾ ಇಲ್ಲ, ಚಾರ್ಜರ್ ಕಿತ್ತರೆ ವ್ಯತ್ಯಾಸವಾಗಲಿಲ್ಲ. ಈಗ ಏನು ಮಾಡಲಿ? ಟಾಪ್ ಮೇಲಿಟ್ಟರೆ ಬೈಪಾಸ್ ಗೊಂದಲವೂ ಹೋಗುತ್ತದೆಯೇ?

ಉತ್ತರ:

ಬಹಳ ಚೆನ್ನಾಗಿ ಮಾಡಿದ್ದೀರಿ. ಗಾಜಿನ ಬುಡದಲ್ಲೇ ನಿಮ್ಮ ಕೆಲಸ ಮುಕ್ಕಾಲು ಆಯಿತು. ನನ್ನ ಕಾರಾಗಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕೆಳಗೆ ಅಂಗೈ ಅಗಲದ ಕಬ್ಬಿಣದ ತಗಡು ಇಟ್ಟು ಅದರ ಮೇಲೆ ಪೆಟ್ಟಿಗೆ ಕೂರಿಸಿ, ಇನ್ನೆರಡು ಡಿಬಿ ಬಂದರೂ ಬರಬಹುದು. ಈ ಬಗೆಯ ಆಂಟೆನಾಗೆ ಕೆಳಗೆ ಲೋಹ ಬೇಕು, ಟಾಪ್ ಮೇಲೆ ಅಷ್ಟು ಚೆನ್ನಾಗಿ ಬಂದದ್ದಕ್ಕೆ ಅರ್ಧ ಕಾರಣ ಬಯಲು, ಇನ್ನರ್ಧ ಕೆಳಗಿನ ತಗಡು.

ಬೈಪಾಸ್ ವಿಷಯದಲ್ಲಿ ಪೂರ್ತಿ ಭರವಸೆ ಕೊಡಲಾರೆ. ಬಯಲಿನಲ್ಲಿ ಒಳ್ಳೆಯ ಫೋನಿನ ಜಿಪಿಎಸ್ ಕೂಡ ಸುಮಾರು 5 ಮೀಟರ್ ಆಚೀಚೆ ಹೋಗುತ್ತದೆ. ನಮ್ಮ ಹೆದ್ದಾರಿಯ ಮುಖ್ಯ ರಸ್ತೆಗೂ ಸರ್ವಿಸ್ ರಸ್ತೆಗೂ ನಡುವೆ ಇರುವುದೇ ಒಂದು ಬೇಲಿ. ಯಾವುದರ ಮೇಲಿದ್ದೀರಿ ಎಂಬುದನ್ನು ನಕ್ಷೆಯ ಆ್ಯಪ್ ಊಹೆ ಮಾಡುತ್ತದೆ. ನಿಮ್ಮ ಹಳೆಯ ಜಾಗದಲ್ಲಿದ್ದ ದೊಡ್ಡ ತಪ್ಪು ಹೋಗಿ ಊಹೆ ಸರಿಯಾಗುವ ಸಲ ಹೆಚ್ಚುತ್ತದೆ. ಮದ್ದೂರಿನ ಎತ್ತರದ ಸೇತುವೆಯ ಮೇಲೋ ಕೆಳಗೋ ಎಂದು ಕೇಳಿದರೆ ಯಾವ ಆಂಟೆನಾವೂ ನೆಚ್ಚಿಕೆಯಿಂದ ಹೇಳುವುದಿಲ್ಲ, ಎತ್ತರದ ಲೆಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು. ಕೆಳಗಿನ ರಸ್ತೆಯಲ್ಲಿದ್ದರೆ ಆಕಾಶವೇ ಕಾಣುವುದಿಲ್ಲವಲ್ಲ.

ಅಷ್ಟಾದರೂ ಟಾಪ್ ಮೇಲೇ ಬೇಕೆಂದರೆ ಕೊರೆಯದೆ, ಇದೇ ಅಯಸ್ಕಾಂತದಿಂದ ಕೂರಿಸಿ. ಅಂಗಡಿಯ ಶಾರ್ಕ್ ಫಿನ್‌ಗಳಲ್ಲಿ ಎಷ್ಟೋ ಬರಿಯ ಪ್ಲಾಸ್ಟಿಕ್ ಟೊಪ್ಪಿಗೆ, ಒಳಗೆ ಏನೂ ಇರುವುದಿಲ್ಲ. ಇದ್ದರೂ ರೇಡಿಯೊ ತಂತಿ ಮಾತ್ರ. ಕೊಳ್ಳುವ ಮೊದಲು ಕೆಳಗೆ ಜಿಪಿಎಸ್‌ಗೆಂದೇ ಬೇರೆ ಕೇಬಲ್ ಬಂದಿದೆಯೇ ನೋಡಬೇಕು.

ಕೇಬಲನ್ನು ಮುಂದಿನ ಬಾಗಿಲಿನಿಂದ ತರಬೇಡಿ, ದಿನಕ್ಕೆ ಇಪ್ಪತ್ತು ಸಲ ಬಾಗಿಲು ಬಡಿದು ಅದು ಜಜ್ಜಿಹೋಗುತ್ತದೆ. ಡಿಕ್ಕಿಯ ಬಾಗಿಲಿನ ಮೇಲಂಚಿನಲ್ಲಿ, ರಬ್ಬರ್ ಬೀಡಿಂಗ್ ಮೆತ್ತಗಿರುವ ಕಡೆ ಒಳಗೆ ಬಿಡಿ. ಹೊರಗೆ ಒಂದು ಇಳಿಬಿದ್ದ ಸುರುಳಿ ಇರಲಿ, ಮಳೆನೀರು ತಂತಿ ಹಿಡಿದು ಒಳಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಅಲ್ಲಿಂದ ಮುಂದೆ ಛಾವಣಿಯ ಬಟ್ಟೆಯ ಅಂಚಿನಲ್ಲಿ ತಂದು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿಸಬೇಕು. ನಿಮ್ಮ ಕಾರಿನಲ್ಲಿ ಬದಿಯ ಏರ್‌ಬ್ಯಾಗ್ ಇರಲಾರದು, ಆದರೂ ಕಂಬದ ಮೇಲೆ ಆ ಗುರುತು ಇದೆಯೇ ನೋಡಿ. ಹೊಸ ಕಾರಿನವರು ಇದನ್ನು ಓದುತ್ತಿದ್ದರೆ, ಏರ್‌ಬ್ಯಾಗ್ ಉಬ್ಬುವ ದಾರಿಗೆ ಅಡ್ಡವಾಗಿ ತಂತಿ ಎಳೆಯಬೇಡಿ, ತಿಳಿದವರ ಕೈಯಲ್ಲಿ ಮಾಡಿಸಿ.

ಮೂರು ಮೀಟರ್ ಸಾಲದಾದರೆ ಐದು ಮೀಟರ್ ಕೇಬಲಿನ ಹೊಸ ಆಂಟೆನಾ ಕೊಳ್ಳಿ. ಕತ್ತರಿಸಿ, ಸ್ಪೀಕರ್ ವೈರಿನಂತೆ ಹೆಣೆದು, ಟೇಪ್ ಸುತ್ತಬೇಡಿ. ಈ ತೆಳು ಕೇಬಲ್ ಮೀಟರಿಗೆ ಸುಮಾರು ಒಂದು ಡಿಬಿ ತಿನ್ನುತ್ತದೆ. ಅದನ್ನು ತುಂಬಿಕೊಡಲೆಂದೇ ಪೆಟ್ಟಿಗೆಯೊಳಗೆ ಒಂದು ಆಂಪ್ಲಿಫೈಯರ್ ಇದೆ, ಅದಕ್ಕೆ ಕರೆಂಟ್ ಹೋಗುವುದೂ ಇದೇ ಕೇಬಲಿನಲ್ಲಿ. ಹೆಣೆದ ಕಡೆ ಎಳೆಗಳು ಒಂದಕ್ಕೊಂದು ತಾಗಿದರೆ ಸಿಗ್ನಲ್ ಜೊತೆಗೆ ಕರೆಂಟೂ ಹೋಯಿತು. ಸ್ಟೀರಿಯೊದ ಕಿಂಡಿಯ ನಡುವಿನ ಪಿನ್ನಿನಲ್ಲಿ ಮೀಟರ್ ಹಿಡಿದರೆ 3ರಿಂದ 5 ವೋಲ್ಟ್ ತೋರಿಸಬೇಕು. ಸೊನ್ನೆ ಬಂದರೆ ದೋಷ ಸ್ಟೀರಿಯೊದ್ದು.

ಮಂಡ್ಯದ ಸದಸ್ಯರು:

ಗಾಜಿನ ಬುಡದಲ್ಲೇ ಇಟ್ಟೆ ಸರ್. ಅಂಗಡಿಯವರಿಗೆ ಫೋನ್ ಮಾಡಿ ಕೊರೆಯುವುದು ಬೇಡ ಎಂದೆ. ಅಂಟು ಬಿಸಿಲಿಗೆ ಬಿಡುತ್ತಿದೆ, ಅದೊಂದೇ ತೊಂದರೆ. ಮುಂದಿನ ವಾರ ಮನೆಯವರೆಲ್ಲ ಮೇಲುಕೋಟೆಗೆ ಹೊರಟಿದ್ದೇವೆ, ಅಲ್ಲಿಯವರೆಗೆ ಒಮ್ಮೆ ಟಾಪ್ ಮೇಲಿಟ್ಟು ನೋಡಲೇ ಎಂಬ ಆಸೆ.

ಉತ್ತರ:

ತಗಡಿಗೆ ಪೆಟ್ಟಿಗೆಯ ಅಯಸ್ಕಾಂತ ತಾನೇ ಹಿಡಿಯುತ್ತದೆ, ತಗಡನ್ನು ಮಾತ್ರ ಎರಡು ಬದಿಯ ಫೋಮ್ ಟೇಪಿನಲ್ಲಿ ಅಂಟಿಸಿ. ಮೇಲುಕೋಟೆಗೆ ಟಾಪ್ ಮೇಲಿಟ್ಟುಕೊಂಡು ಹೋಗಿ, ಅಡ್ಡಿಯಿಲ್ಲ. ಕಾರು ನಿಲ್ಲಿಸಿದ ಕೂಡಲೇ ತೆಗೆದು ಒಳಗಿಡಿ. ಅಲ್ಲಿನ ಕೋತಿಗಳು ಒಂದು ಕಾರಿನ ಆಂಟೆನಾ ಕಿತ್ತು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಕಚ್ಚಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.