ಕೈಗಾ ರಿಯಾಕ್ಟರ್ ನಮ್ದಾ, ಕೆನಡಾದ್ದಾ?

ಕದ್ರಾ ಹುಡ್ಗ:
ನಿನ್ನೆ ಕಾರವಾರ ಬಸ್‌ಸ್ಟ್ಯಾಂಡ್ ಹತ್ರ ಚಾ ಕುಡೀತಾ ದೊಡ್ಡ ವಾದ ಆಯ್ತು. ನನ್ನ ದೋಸ್ತ ಹೇಳ್ತಾ, ಕೈಗಾ ಪೂರ್ತಿ ಸ್ವದೇಶಿ ಅಂತ. ಅವ್ನ ಮಾವ ಮಲ್ಲಾಪುರ ಟೌನ್‌ಶಿಪ್ಪಲ್ಲಿ ಇದ್ದೋರು, ಡಿಸೈನ್ ಮೂಲ ಕೆನಡಾದ್ದು ಅಂತಾರೆ. 1974ರಲ್ಲಿ ಕೆನಡಾದವ್ರು ಎಲ್ಲಾ ಬಿಟ್ಟು ಹೋದ್ರಲ್ಲ, ಹಂಗಾದ್ರೆ 2000ದಲ್ಲಿ ಶುರುವಾದ ಕೈಗಾಗೆ ಅವ್ರ ಡಿಸೈನ್ ಎಲ್ಲಿಂದ ಬಂತು? ಒಂದು ಮಸಾಲೆದೋಸೆ ಪಂಥ ಇದೆ, ಬೇಗ ಹೇಳಿ.

ಕಾಳಿ ದಂಡೆ:
ದೋಸೆ ಅರ್ಧರ್ಧ ಮಾಡ್ಕೊಳ್ಳಿ ಮಾರಾಯ್ರೆ. ಕೆನಡಾದ ಜೊತೆ 1963ರಲ್ಲಿ ಒಪ್ಪಂದ ಆಗಿ ರಾಜಸ್ಥಾನದ ರಾವತ್‌ಭಾಟಾದಲ್ಲಿ ಮೊದ್ಲ ಯುನಿಟ್ ಕಟ್ಟಿದ್ರು, ಅವ್ರದ್ದೇ ಡಗ್ಲಸ್ ಪಾಯಿಂಟ್ ರಿಯಾಕ್ಟರಿನ ಮಾದರಿ. ಎರಡನೇ ಯುನಿಟ್ ಕಟ್ತಾ ಇರೋವಾಗ್ಲೇ 1974 ಮೇನಲ್ಲಿ ಪೋಖ್ರಾನ್‌ನಲ್ಲಿ ನಮ್ಮ ಅಣುಸ್ಫೋಟ ಆಯ್ತು, ಕೆನಡಾ ಕೈ ಎತ್ತಿತು. ಅಲ್ಲಿಂದ ಮುಂದೆ ನಮ್ಮೋರೇ ಒದ್ದಾಡಿ ಅದನ್ನ 1981ಕ್ಕೆ ಚಾಲೂ ಮಾಡಿದ್ರು, ಆಮೇಲೆ ತಮಿಳುನಾಡಿನ ಕಲ್ಪಾಕ್ಕಂ, ಉತ್ತರ ಪ್ರದೇಶದ ನರೋರಾ. ನರೋರಾದಲ್ಲಿ ಡಿಸೈನನ್ನೇ ಬಹಳ ಬದಲಿಸಿದ್ರು, ರಿಯಾಕ್ಟರ್ ತಟ್ಟನೆ ಬಂದ್ ಮಾಡೋಕೆ ಎರಡು ಬೇರೆ ಬೇರೆ ವ್ಯವಸ್ಥೆ, ಅಲ್ಲಿ ಭೂಕಂಪದ ಹೆದರಿಕೆನೂ ಇತ್ತಲ್ಲ. ಕೈಗಾದ 220 ಮೆಗಾವ್ಯಾಟ್ ಯುನಿಟ್‌ಗಳು ಬಂದಿದ್ದು ಆ ಸಾಲಲ್ಲೇ. ಅಜ್ಜಿ ಕಲಿಸಿದ ಸಾರು, ಸೊಸೆ ಖಾರ ಬದಲಿಸಿದ್ಳು, ಈಗ ಅದು ಯಾರ ಸಾರು?

ಶಿರಸಿ ಅಡಿಕೆ:
ಸಾರಿನ ಕಥೆ ಚಂದ ಇದ್ದು, ಆದ್ರೆ ಕೆನಡಾ ಸುಮ್ನೆ ಬಿಟ್ಟು ಹೋಯ್ತು ಅಂತ ಆಗೋದು ಬೇಡ. ಅದಕ್ಕೂ ಮೊದ್ಲೇ ಅವ್ರು ಟ್ರಾಂಬೆಯಲ್ಲಿ ಸೈರಸ್ ರಿಯಾಕ್ಟರ್ ಕೊಟ್ಟಿದ್ರು, ಅದಕ್ಕೆ ಬೇಕಾದ ಭಾರಜಲ (ನ್ಯೂಟ್ರಾನ್ ವೇಗ ತಗ್ಗಿಸೋ ವಿಶೇಷ ನೀರು) ಅಮೆರಿಕದ್ದು. ಶಾಂತಿಗೆ ಅಂತ ಕೊಟ್ಟಿದ್ದು, ಪೋಖ್ರಾನ್ ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ಹೋಗಿದ್ದು ಅಲ್ಲಿಂದ. ಅವ್ರಿಗೆ ಸಿಟ್ಟು ಬಂದಿದ್ದು ಸಹಜ. ನಮ್ಮೋರು 'ಶಾಂತಿಯುತ ಸ್ಫೋಟ' ಅಂದ್ರು, ಅವ್ರು ಒಪ್ಲಿಲ್ಲ. ಇನ್ನೊಂದು ಅಂದ್ರೆ ಈ ಡಿಸೈನ್ ನಮ್ಗೆ ಎಂತಕ್ಕೆ ಹೊಂದ್ತು ಅಂತ. ಕೆನಡಾದವ್ರ ಹತ್ರ ಇಂಧನವೆಲ್ಲ ಒಟ್ಟಿಗೆ ಇಡೋವಷ್ಟು ದೊಡ್ಡ ಉಕ್ಕಿನ ಹಂಡೆ ಮಾಡೋ ಕಾರ್ಖಾನೆ ಇರ್ಲಿಲ್ಲ, ಅದಕ್ಕೇ ನೂರಾರು ಸಣ್ಣ ಪೈಪಲ್ಲಿ ಇಂಧನ ಇಡೋ ದಾರಿ ಹುಡುಕಿದ್ರು, ಯುರೇನಿಯಂ ಎನ್‌ರಿಚ್ ಮಾಡೋ (ಅದ್ರ ಸತ್ವ ಹೆಚ್ಚಿಸೋ) ರಗಳೆನೂ ಇಲ್ಲ. ನಮ್ಮ ಪರಿಸ್ಥಿತಿನೂ ಅದೇ ಆಗಿತ್ತು.

ಕದ್ರಾ ಹುಡ್ಗ:
ಓಹ್ ಪೈಪ್ ಅಂದ್ರೆ ಅದೇನಾ, ಓಡ್ತಾ ಇರೋವಾಗ್ಲೇ ಇಂಧನ ಬದಲಿಸ್ತಾರಂತಲ್ಲ? ಮಾವ ಹೇಳ್ತಿದ್ರು, ನಾ ನಂಬಿರ್ಲಿಲ್ಲ.

ಕಾಳಿ ದಂಡೆ:
ಹೌದು ತಮಾ ಅದೇ. ಕೈಗಾ ಒಂದನೇ ಯುನಿಟ್ 962 ದಿನ ನಿಲ್ಲದೆ ಓಡಿ 2018ರ ಕೊನೆಗೆ ನಿಂತಿತ್ತಲ್ಲ, ಇಂಗ್ಲೆಂಡಿನ ಹೇಶಮ್ ರಿಯಾಕ್ಟರಿನ 940 ದಿನದ ದಾಖಲೆ ಮುರಿದು, ಅದಕ್ಕೆ ಇದೂ ಒಂದು ಕಾರಣ. ಆಮೇಲೆ ನಮ್ಮ ದಾಖಲೆ ಮುರಿದಿದ್ದು ಯಾರು ಗೊತ್ತಾ? ಕೆನಡಾದ ಡಾರ್ಲಿಂಗ್ಟನ್, 1,106 ದಿನ. ಅದೂ ಅದೇ ಅಜ್ಜಿ ಮನೆದು.

ಶಿರಸಿ ಅಡಿಕೆ:
ಹ್ಹಹ್ಹ. ಮತ್ತೆ 2010ರಲ್ಲಿ ಕೆನಡಾ ಜೊತೆ ಪರಮಾಣು ಒಪ್ಪಂದಕ್ಕೆ ಸಹಿ ಆಗಿ, 2015ರಲ್ಲಿ ಯುರೇನಿಯಂ ಖರೀದಿಯ ಮಾತೂ ಪಕ್ಕಾ ಆಯ್ತು. ದೋಸೆ ದುಡ್ಡು ದೋಸ್ತ ಕೊಡ್ಲಿ, ಚಾ ದುಡ್ಡು ಮಾವಂದು.